ಫಕೀರವ್ವನ ಲಕ್ಕಿ ತಪ್ಪಲ

1979ರಾಗ ನಾ ಗದಗಿನ ಒಂದು ಔಷಧ ಪರೀಕ್ಷಾ ಲ್ಯಾಬಿನ್ಯಾಗ ಅಸಿಸ್ಟಂಟ್ ಅಂತ ಸೇರಿದೆ. ಇಪ್ಪತ್ನಾಲ್ಕು ವಯಸ್ಸು, ಕೆಮಿಸ್ಟ್ರಿ ಬಿ.ಎಸ್ಸಿ., ಲಗ್ನ ಆಗಿರಲಿಲ್ಲ. ಲಕ್ಷ್ಮೇಶ್ವರದಾಗ ನಮ್ಮಪ್ಪ, ನಮ್ಮಜ್ಜ ಗುಡಿ ಪೂಜಿ ಮಾಡಕೋತ ಬಂದವರು. ನಾ ಬೆಟಗೇರ್ಯಾಗ ಒಂದು ಖೋಲಿ ಹಿಡದೆ. ಆಜೂಬಾಜೂ ಮನ್ಯಾಗೆಲ್ಲಾ ಮಗ್ಗದ ಸಪ್ಪಳ. ಮಗ್ಗ ನಿಂತ ದಿನ, ನಾ ಎಷ್ಟು ಒಬ್ಬಾಕಿ ಇದ್ದೀನಿ ಅಂತ ಕಿವಿಗೆ ಗೊತ್ತಾಗತಿತ್ತು.

ಲ್ಯಾಬಿನ್ಯಾಗ ಐದು ಮಂದಿ ಗಂಡಸರು, ಹೆಣಮಗಳು ನಾ ಒಬ್ಬಾಕಿ. ಚಾ ಕುಡ್ಯಾಕ ಹೋಗುಮುಂದ ಅವ್ರು ನನ್ನ ಕರೀತಿರಲಿಲ್ಲ. ಮರ್ಯಾದಿ ಅಂತ. ಅಷ್ಟೊಂದು ಮರ್ಯಾದಿ ತೊಗೊಂಡು ನಾ ಏನ್ ಮಾಡ್ಲಿ? ಹೊರಗ ಅವ್ರು ನಗೂದು ಕೇಳಸ್ತಿತ್ತು. ಒಳಗ ನಾ ಬ್ಯೂರೆಟ್ ಅನ್ನೂ ಗಾಜಿನ ಕೊಳವಿಯ ಸ್ಟ್ಯಾಂಡಿನ ಬಾಜೂ ಕುಂತು ರೊಟ್ಟಿ ಮುರೀತಿದ್ದೆ. ಒಮ್ಮೊಮ್ಮಿ ಬ್ಯೂರೆಟ್ಟಿಗೇ "ಊಟ ಆತೇನ್ರಿ?" ಅಂತ ಕೇಳಿದ್ದೂ ಐತಿ.

ನಮ್ಮ ಕೆಲಸ ಇಷ್ಟು. ಮೊಣಕಾಲು ನೋವಿನ ಎಣ್ಣಿ ಮಾಡೂ ಒಂದು ಕಾರಖಾನೆ ತಾನು ಕೊಳ್ಳೂ ಗಿಡಮೂಲಿಕಿಯ ಸ್ಯಾಂಪಲ್ ಕಳಸ್ತಿತ್ತು. ಅದರಾಗ ಗುಣ ಐತಿ, ಇಲ್ಲ ಅಂತ ನಾವು ಬರದು ಕೊಡಬೇಕು. ಹೆಚ್ಚು ಬರತಿದ್ದದ್ದು ಲಕ್ಕಿ ತಪ್ಪಲ, ಅಂದ್ರ ಲಕ್ಕಿ ಎಲಿ. ಹಳ್ಳದ ದಂಡಿಗೆ ಬೆಳಿಯೂ ಗಿಡ, ಕೈಬೆರಳಿನಂಗ ಐದೈದು ಎಲಿ, ತಿಕ್ಕಿದ್ರ ಘಾಟು ವಾಸನಿ. ಬಾವು ಬಂದಲ್ಲಿ ಅದನ್ನ ಕುದಿಸಿ ನೀರು ಹಾಕೂದು ನಮ್ಮ ಕಡೆ ಹಳೇ ರೂಢಿ.

ಆ ಎಲಿಯೊಳಗ ಫೀನಾಲ್, ಫ್ಲೇವನಾಯ್ಡ್ ಅಂತ ಪದಾರ್ಥ ಇರತಾವು. ಬಾವು ಇಳಸಾಕ ಇವೂ ಬೇಕು ಅಂತ ನಮ್ಮ ಲ್ಯಾಬಿನ ನಂಬಿಕಿ. ಎಲಿ ಪುಡಿ ಮಾಡಿ, ಹತ್ತು ಗ್ರಾಂ ತೂಗಿ, ಸ್ಪಿರಿಟ್ಟಿನ್ಯಾಗ ಕಾಸಿ, ಸೋಸಿ, ಮ್ಯಾಲೆ ಫೆರಿಕ್ ಕ್ಲೋರೈಡ್ ನಾಲ್ಕು ಹನಿ ಬಿಡೂದು. ಫೀನಾಲ್ ಇದ್ರ ಕಪ್ಪು ಹಸರು ಬಣ್ಣ ಬರತೈತಿ. ಈಗ ಚಾಪುಡಿ ಪ್ಯಾಕೀಟಿನ ಮ್ಯಾಲೂ ಬರೀತಾರಲ್ಲ ಆಂಟಿ-ಆಕ್ಸಿಡಂಟ್ ಅಂತ, ಅದೂ ಇದೇ ಬಳಗ. ಕೊಯ್ದಿಟ್ಟ ಬದನಿಕಾಯಿ ಗಾಳಿ ತಾಗಿ ಕಪ್ಪ ಆಗತೈತಿ ನೋಡ್ರಿ, ಮೈಯೊಳಗೂ ಅಂಥಾದ್ದೊಂದು ನಡದಿರತೈತಿ, ಅದನ್ನ ತಡಿಯೂವು. ಆಗ ನಮ್ಮ ಲ್ಯಾಬಿನ್ಯಾಗ ಆ ಶಬ್ದ ಯಾರ ಬಾಯಾಗೂ ಇರಲಿಲ್ಲ.

ತಪ್ಪಲ ಎರಡು ಕಡಿಂದ, ಕಾರಖಾನೆ ಹೇಳಿದಂಗ ಸೀದಾ ಲ್ಯಾಬಿಗೇ ಬರತಿತ್ತು. ಒಬ್ಬ ವ್ಯಾಪಾರಿ ಚೀಲ ಹೊಲದು, ಸೀಲ್ ಹಾಕಿ, ಚೀಟಿ ಅಂಟಿಸಿ ಕಳಸ್ತಿದ್ದ. ಇನ್ನೊಬ್ಬಾಕಿ ಹಿರೇವಡ್ಡಟ್ಟಿಯ ಫಕೀರವ್ವ. ಅರವತ್ತರ ಹತ್ತಿರದ ಮುದುಕಿ, ಹಳೇ ಸೀರಿ ತುಂಡಿನ್ಯಾಗ ಗಂಟು ಕಟ್ಟಿ ತಾನ ಹೊತ್ತು ತರತಿದ್ಲು. ಊರಾಗ ಕೈಕಾಲು ಬಾತವರು ಆಕಿ ಹತ್ರಾನ ಹೋಗತಿದ್ರು.

ಆ ವರ್ಷ, ಪರೀಕ್ಷಾ ನನ್ನ ಕೈಗೆ ಬಂದಮ್ಯಾಲ, ಫಕೀರವ್ವನ ಸ್ಯಾಂಪಲ್ಲಿಗೆ ಬಣ್ಣಾನ ಬರಲಿಲ್ಲ. ಎರಡನೇ ಸಲ ಮಾಡಿದೆ, ಇಲ್ಲ. ಮೂರನೇ ಸಲಕ್ಕ ತುಸು ಹಸರು ಛಾಯಾ ಅಷ್ಟ. ವ್ಯಾಪಾರಿ ಚೀಲದ್ದು ಮಾತ್ರ ದಟ್ಟ ಕಪ್ಪ. ನಾ ರಿಪೋರ್ಟಿನ್ಯಾಗ "ಗುಣವಿಲ್ಲ" ಅಂತ ಬರದು ಸಹಿ ಮಾಡಿದೆ. ನನ್ನ ಸಹಿ ಆಗ ಭಾಳ ಚಂದ ಇತ್ತು.

ಮೂರು ವಾರ ಆದಮ್ಯಾಲ ಫಕೀರವ್ವ ತಾನ ಬಂದ್ಲು. ಬಾಗಿಲದಾಗ ನಿಂತು, "ಅಕ್ಕಾರ, ನನ್ನ ತಪ್ಪಲದಾಗ ಏನೂ ಇಲ್ಲ ಅಂದಾಕಿ ನೀವೇನು?" ಅಂದ್ಲು.

"ನಾ ಅಲ್ಲಬೇ, ಪರೀಕ್ಷಾ ಹೇಳತೈತಿ."

"ಪರೀಕ್ಷಾಕ್ಕ ಬಾಯಿ ಐತೇನು? ಕಾರಖಾನೆ ಮನಷ್ಯಾ ಊರಾಗ ಬಂದು ಹೇಳಿ ಹೋದ. ಈಗ ಒಬ್ರೂ ನನ್ನ ಕಟ್ಟಿ ಹತ್ತವಲ್ರು. ಇಷ್ಟು ದಿನ ಈಕಿ ಬರೇ ಕಸ ಕುದಿಸಿ ಹಾಕ್ಯಾಳ ಅಂತಾರ. ನಮ್ಮವ್ವ ಕಲಿಸಿದ್ದಿದು. ಹೊಸಾ ತಪ್ಪಲ ತಂದೀನಿ, ನನ್ನ ಮುಂದ ಮಾಡ್ರಿ."

ಗಂಟು ಇಸ್ಕೊಂಡೆ, ಮೂಲ್ಯಾಗಿನ ಬಕೀಟಿಗೆ ತಪ್ಪಲ ಸುರುವಿದೆ, ನೀರು ಬಿಟ್ಟೆ. ಫಕೀರವ್ವ ಬಗ್ಗಿ ನೋಡಿದ್ಲು.

"ಇದೇನ್ರಿ ಇದು?"

"ತೊಳಿಯಾಕ. ನಾಳಿ ತನಕಾ ನೆನೀತೈತಿ, ಆಮ್ಯಾಲ ಒಣಗಿಸಿ ಪುಡಿ ಮಾಡ್ತೀನಿ."

"ಆ ನೀರು?"

"ಚೆಲ್ಲತೀನಿ."

ಆಕಿ ನನ್ನ ಮುಖಾನ ನೋಡಿದ್ಲು, ಹುಚ್ಚಿನ ನೋಡಿದಂಗ. "ಅಯ್ಯ ತಂಗಿ, ನಾವು ನೀರು ಇಟಗೊಂಡು ತಪ್ಪಲ ಚೆಲ್ಲತೀವಿ. ನೀ ತಪ್ಪಲ ಇಟಗೊಂಡು ನೀರು ಚೆಲ್ಲತೀಯಲ್ಲ!"

ಆಕಿ ಬಾಗಿಲದಾಗ ಕುಂತು ಕಾದ್ಲು. ಮಧ್ಯಾಹ್ನಕ್ಕ ಬಕೀಟಿನ ನೀರು ಚಾದ ಬಣ್ಣಕ್ಕ ತಿರುಗಿತ್ತು. ಒಂದು ಟೆಸ್ಟ್ ಟ್ಯೂಬಿನ್ಯಾಗ ಆ ನೀರ ತೊಗೊಂಡು ನಾಲ್ಕು ಹನಿ ಬಿಟ್ಟೆ. ಕಪ್ಪ ಆತು. ಟ್ಯೂಬನ್ನ ಫಕೀರವ್ವನ ಮುಂದ ಹಿಡದೆ.

ತೊಳೀರಿ ಅಂತ ನಮ್ಮ ಪುಸ್ತಕದಾಗ ಎಲ್ಲೂ ಬರದಿರಲಿಲ್ಲ. ನಮ್ಮವ್ವನ ಮನ್ಯಾಗ ಹೊರಗಿಂದ ಬಂದದ್ದು ಏನೂ ತೊಳೀದ ಒಳಗ ಹೋಗತಿರಲಿಲ್ಲ. ಬೆಲ್ಲ ಕರಗತೈತಿ ಅಂತ ಅದಕ್ಕಷ್ಟ ನೀರು ಚಿಮುಕಿಸಿ ಮಾಫಿ ಮಾಡತಿದ್ಲು. ಸೀಲ್ ಹಾಕಿದ ಚೀಲ ನಾ ಸೀದಾ ಪುಡಿ ಮಾಡತಿದ್ದೆ. ಅದನ್ನೂ ಯಾರೋ ಮುಟ್ಟೇ ತುಂಬಿರತಾರ ಅನ್ನೂದು ಸೀಲಿನ ಮುಂದ ಮರತು ಹೋಗತಿತ್ತು. ಫಕೀರವ್ವನ ಗಂಟು ಮಾತ್ರ ಒಂದು ರಾತ್ರಿ ಪೂರ್ತಿ ನೆನಿ ಬೀಳತಿತ್ತು. ನೀರಿಗೆ ಬಿಡೂ ಗುಣಾ ಎಲ್ಲಾ ಬಚ್ಚಲಕ್ಕ ಹೋಗಿ, ಉಳದ ನಾರಿಗೆ ನಾ ಪರೀಕ್ಷಾ ಮಾಡಿದ್ದೆ.

ಲ್ಯಾಬಿನ ಸಾಹೇಬ್ರಿಗೆ ಹೇಳಿದೆ. ಅವ್ರು ಕನ್ನಡಕ ತಗದು ಒರಿಸಿಕೋತ, "ರಿಪೋರ್ಟ್ ತಿದ್ದೂಣು. ಮೊದಲಿನ ಸ್ಯಾಂಪಲ್ ಹಳೇದಿತ್ತು ಅಂತ ಬರೀರಿ. ತೊಳದಿದ್ದು ಗಿಳದಿದ್ದು ಬ್ಯಾಡ, ಲ್ಯಾಬಿನ ಹೆಸರು ಹೋಗತೈತಿ" ಅಂದ್ರು.

"ಹಳೇದಿತ್ತು ಅಂದ್ರ ಆಕಿ ಹಳೇದು ತಂದು ಕೊಟ್ಲು ಅಂತ ಆಗತೈತ್ರಿ, ಸಾಹೇಬ್ರ."

"ಹಂಗಾರ ನಿಮ್ಮ ಹೆಸರು ಹೋಗತೈತಿ, ನೋಡ್ರಿ."

ತೊಳದಿದ್ದನ್ನ ತೊಳದೀನಿ ಅಂತಾನ ಬರದೆ. ಬರಿಯೂದಕ್ಕ ಎರಡು ಸಾಲು ಸಾಕಾದವು. ಲ್ಯಾಬಿನ ಐದೂ ಮಂದಿ ಓದಿದ್ರು. ಮರುದಿನದಿಂದ ನನ್ನ ಹೆಸರು "ಮಡಿಬಾಯಿ" ಆತು. ನನ್ನ ಟೇಬಲ್ ಮ್ಯಾಲ ಯಾರೋ ಒಂದು ತುಂಬಿದ ಬಕೀಟ ಇಟ್ಟು ಹೋಗಿದ್ರು. ನಾ ಅದರಾಗ ಟೆಸ್ಟ್ ಟ್ಯೂಬ್ ತೊಳದು ಬಿಟ್ಟೆ, ಪುಕ್ಕಟ ನೀರು. ಆದ್ರ ಆ ಸಂಜಿ ಖೋಲ್ಯಾಗ ಊಟ ಸೇರಲಿಲ್ಲ. ಮಾತಾಡಾಕ ಒಬ್ರೂ ಇರಲಿಲ್ಲ, ಇದ್ರೂ ಏನಂತ ಹೇಳಲಿ?

ಕಾಗದದಾಗ ತಿದ್ದಿದ್ದು ಹಿರೇವಡ್ಡಟ್ಟಿಗೆ ಮುಟ್ಟಾಂಗಿಲ್ಲ ಅಂತ ಗೊತ್ತಿತ್ತು. ಐತವಾರ ಮುಂಡರಗಿ ಬಸ್ ಹತ್ತಿದೆ, ಅಲ್ಲಿಂದ ಇನ್ನೊಂದು. ಫಕೀರವ್ವನ ಮನಿ ಮುಂದಿನ ಕಟ್ಟಿ ಮ್ಯಾಲ ಯಾರೂ ಇರಲಿಲ್ಲ. ನಾ ಬಂದಿದ್ದು ನೋಡಾಕ ಹತ್ತು ಹನ್ನೆರಡು ಮಂದಿ ಕೂಡಿದ್ರು. ನಿಂತು ಹೇಳಿದೆ: ಫಕೀರವ್ವನ ತಪ್ಪಲದಾಗ ಗುಣ ಐತಿ, ನಾ ತೊಳದು ಕಳದೀನಿ, ತಪ್ಪು ನಂದು.

ಮೊಣಕಾಲು ಬಾತ ಒಬ್ಬ ಮುತ್ಯಾ ಕೋಲು ಊರಿ ಕೇಳಿದ: "ಮತ್ತ ಯಾಕ ತೊಳದಿಯವ್ವಾ?"

ಧೂಳಿತ್ತು ಅನ್ನಬಹುದಿತ್ತು. ನಾಲಿಗಿ ತುದಿಗೆ ಬಂದಿತ್ತು ಖರೆ. "ಆಕಿ ಕೈ ಮುಟ್ಟಿದ್ದು ಅಂತ ತೊಳದೆ," ಅಂದೆ.

ಫಕೀರವ್ವ ಸೆರಗು ಸೊಂಟಕ್ಕ ಸಿಗಿಸಿಕೋತ ಅಂದ್ಲು: "ಬರುಮುಂದ ಬಸ್ಸಿನ ಸರಳು ಹಿಡದಿದ್ದಿ? ಅದನ್ನ ಎಷ್ಟು ಮಂದಿ ಹಿಡದಿದ್ರು? ಬಸ್ಸು ತೊಳದು ಬಂದಿಯೇನು?"

ಮಂದಿ ಹೋ ಅಂತ ನಕ್ರು. ನಾನೂ ನಕ್ಕೆ, ನಗಕೋತ ಕಣ್ಣಾಗ ನೀರು ಬಂತು. ಫಕೀರವ್ವ ನಗಲಿಲ್ಲ. ಮುತ್ಯಾ ನಿಧಾನಕ ಕಟ್ಟಿ ಹತ್ತಿ ಕುಂತು, ಧೋತರ ಸರಿಸಿ ಕಾಲು ಆಕಿ ಮುಂದ ಚಾಚಿದ. ಆಕಿ ಒಳಗ ಹೋಗಿ ಒಲಿ ಮ್ಯಾಲ ನೀರಿಟ್ಲು. ಅವನ ಹಿಂದ ಇನ್ನೊಬ್ಬಾಕಿ ಬಂದು ಕುಂತ್ಲು, ಬಾತ ಮುಂಗೈ ಹಿಡಕೊಂಡು. ಫಕೀರವ್ವ ನನಗ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾ ಬಸ್ಸಿನ ಹೊತ್ತಿನ ತನಕಾ ಎದುರಿನ ಕಲ್ಲಿನ ಮ್ಯಾಲ ಕುಂತಿದ್ದೆ.

ಮುಂದ ಕಾರಖಾನೆ ಆಕಿ ತಪ್ಪಲ ಮತ್ತ ಕೊಳ್ಳಾಕ ಹತ್ತಿತು. ಲ್ಯಾಬಿಗೆ ಗಂಟು ಬ್ಯಾರೆಯವರ ಕೈಲೆ ಕಳಸ್ತಿದ್ಲು, ತಾನು ಬರಲಿಲ್ಲ.

ನಾ ನಿವೃತ್ತಿ ಆಗೂ ತನಕಾ ನನ್ನ ರಜಿಸ್ಟರಿನ್ಯಾಗ ಒಂದು ಕಾಲಂ ಹೆಚ್ಚಿಗಿತ್ತು. ಎಲಿಯೊಳಗ ಏನು ಸಿಕ್ತು ಅಂತ ಬರಿಯೂ ಮೊದಲ, ನಾ ಎಲಿಗೆ ಏನೇನು ಮಾಡೀನಿ ಅಂತ ಅಲ್ಲೆ ಬರೀತಿದ್ದೆ. ನೌಕರಿ ನನಗ ಕಲಿಸಿದ್ದು ಇದೊಂದ. ಹೊಸಾ ಹುಡುಗ್ಯಾರು ಬಂದಾಗೂ ಇದನ್ನ ಹೇಳಿಕೊಟ್ಟೆ, ಅವ್ರು ನಕ್ಕೋತ ಕಲ್ತ್ರು. ಫಕೀರವ್ವಗ ಒಮ್ಮಿ ಆ ಕಾಲಂ ತೋರಿಸಬೇಕಿತ್ತು. ತಪ್ಪಲದ ಗಂಟು ಬಂದಾಗೆಲ್ಲಾ ನಾ ಬಾಗಿಲದ ತನಕಾ ಹೋಗಿ ನೋಡತಿದ್ದೆ.