ಬಚ್ಚಲ ಹಂಡೆಯ ವಾರಸುದಾರರು

ನನಗೂ ಆಸ್ತಿಯಿದೆ ಎಂಬ ಅಹಂಕಾರ ಬಂದದ್ದು ಹೋದ ಸೋಮವಾರ, ನನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ. ಮೃತ್ಯುಪತ್ರ ಮಾಡಿಸೋಣವೆಂದು ಟಿಳಕವಾಡಿಯ ವಕೀಲರೊಬ್ಬರಿಗೆ ಫೋನ್ ಮಾಡಿದ್ದೆ. "ಏನೇನೈತಿ, ಯಾರಿಗೆ ಕೊಡಾವ್ರದೀರಿ, ಒಂದು ಯಾದಿ ಮಾಡ್ಕೊಂಡು ಬರ್ರಿ ಸರ" ಎಂದರು.

ಇನ್ನೂರು ಪುಟದ ಹೊಸ ನೋಟ್‌ಬುಕ್ ತಂದು ಕೂತೆ. "ಹಿಂದವಾಡಿಯ ಮನೆ: ಹೆಂಡತಿ ಶಾರದಾಗೆ." ಆಸ್ತಿ ಮುಗಿದೇ ಹೋಯಿತು! ಸಾಮ್ರಾಜ್ಯಗಳ ವಾರಸುದಾರಿಕೆಯನ್ನು ಜನ್ಮವಿಡೀ ಮಕ್ಕಳಿಗೆ ಉರು ಹೊಡೆಸಿದ ಇತಿಹಾಸದ ಮಾಸ್ತರ ನಾನು. ಒಂದು ಸಾಲಿನ ಯಾದಿ ಹಿಡಿದು ವಕೀಲರ ಮುಂದೆ ಹೇಗೆ ಕೂರಲಿ? ಛತ್ರಿ ಬರೆದೆ, ಅದಕ್ಕೆ ಕಡ್ಡಿ ಇಲ್ಲವೆಂದು ಹೊಡೆದುಹಾಕಿದೆ. ಆಗ ನೆನಪಾದದ್ದು ಹಂಡೆ.

ಅವ್ವನ ತಾಮ್ರದ ಹಂಡೆ ಅದು. ಅವ್ವ ತೀರಿಕೊಂಡಾಗ ಖಾನಾಪುರದಿಂದ ಬಸ್ಸಿನ ಮೇಲೆ ಹೇರಿಕೊಂಡು ತಂದಿದ್ದೆ. ಖಾನಾಪುರದಲ್ಲೇ ಇರುವ ನನ್ನ ಅಕ್ಕ ಗಂಗಕ್ಕ ಅದು ತನಗೆ ಬೇಕೆಂದು ಅಂದು ಬಾಯಿಬಿಟ್ಟು ಕೇಳಲಿಲ್ಲ. ಆದರೆ ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಜಳಕ ಮಾಡಿಲ್ಲ. ಬರುತ್ತಾಳೆ, ಉಣ್ಣುತ್ತಾಳೆ, ನಿಲ್ಲು ಎಂದರೆ, "ಮುಂಜಾನೆ ಜಳಕಕ್ಕ ನಮ್ಮ ಮನೀನ ಬೇಕು" ಎಂದು ಸಂಜೆಯ ಬಸ್ಸಿಗೇ ಹೊರಡುತ್ತಾಳೆ. ಒಡಹುಟ್ಟಿದವಳು ನಮ್ಮಲ್ಲಿ ಒಂದು ರಾತ್ರಿ ತಂಗುವುದಿಲ್ಲವಲ್ಲ ಎಂಬ ಸಂಕಟ ನನಗೆ ಮೊದಲಿಂದಲೂ ಇದೆ. ಸರಿ, ಎರಡನೆಯ ಸಾಲು ಬರೆದೆ: "ಹಂಡೆ: ನನ್ನ ನಂತರ ಗಂಗಕ್ಕನಿಗೆ." ಉದಾರತೆ ತಡೆಯಲಾರದೆ ಕೂಡಲೇ ಅವಳಿಗೆ ಫೋನನ್ನೂ ಮಾಡಿದೆ.

"ನನಗೀಗ ಎಪ್ಪತ್ನಾಕ," ಎಂದಳು ಅಕ್ಕ. "ನೀ ಯಾವಾಗ ಸಾಯಾಂವ, ತಾರೀಕು ಹೇಳು. ಅಲ್ಲೀತನಕ ಗಟ್ಟಿ ಇರಾಕ ನೋಡ್ತೇನಿ."

"ಖರೇ ಐತಲ್ರೀ," ಎಂದಳು ಶಾರದಾ. "ತಿಕ್ಕಿ ಈಗs ಕೊಟ್ಟು ಬರ್ರಿ."

ಗ್ಯಾಸ್ ಗೀಸರ್ ಬಂದಾಗಿನಿಂದ ಹಂಡೆ ಹಿತ್ತಲ ಒಲೆಯ ಮೇಲೆ ಮಸಿ ಹೊದ್ದು ಸುಮ್ಮನೆ ಕೂತಿತ್ತು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಲು ಕೂತೆ. ಕೊರಳ ಬಳಿ ಅಕ್ಷರಗಳು ಮೂಡಿದವು. ನಮ್ಮ ಕಡೆ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಾರಲ್ಲ, ಮದುವೆ ಮುಂಜಿಗೆ ಎರವಲು ಹೋದದ್ದು ತಿರುಗಿ ಬರಲೆಂದು! ಅವ್ವನ ಹೆಸರು ಕಾಣುತ್ತದೆಂದು ಕನ್ನಡಕ ಒರೆಸಿಕೊಂಡು ಓದಿದೆ. "ಪದ್ಮಾವತಿ" ಎಂದಿತ್ತು.

ನಮ್ಮವ್ವ ನೀಲವ್ವ. ಪದ್ಮಾವತಿ ಎಂದರೆ ಖಾನಾಪುರದ ನಮ್ಮ ಪಕ್ಕದ ಮನೆಯ ಜೈನರ ಪದ್ಮಕ್ಕ. ತಾಮ್ರಶಾಸನ ಓದುವುದು ಹೇಗೆಂದು ಊರ ಮಕ್ಕಳಿಗೆಲ್ಲ ಕಲಿಸಿದವನು ನನ್ನ ಬಚ್ಚಲಿನ ತಾಮ್ರವನ್ನೇ ಓದಿರಲಿಲ್ಲ. ಥೂ ನನ್ನ!

ಸುದ್ದಿ ಕೇಳಿದ ಅಕ್ಕ ಮುಂದಿನ ಬಸ್ಸಿಗೇ ಬಂದಳು. ಚಪ್ಪಲಿ ಬಿಡದೆ ಹಿತ್ತಲಿಗೆ ಹೋಗಿ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಅಯ್ಯ, ನನ್ನ ಮದಿವ್ಯಾಗ ಎರಡೂ ಹಂಡೆ ಬಾಜೂಬಾಜೂನ ಕಾಯ್ತಿದ್ವು. ಆವಾಗs ಅದಲಿಬದಲಿ ಆಗ್ಯಾವ!" ಎಂದಳು. ಪದ್ಮಕ್ಕನಿಗೆ ಫೋನ್ ಹಚ್ಚಿದೆವು. ತೊಂಬತ್ತರ ಹತ್ತಿರದ ಮುದುಕಿ ಹೋಗಿ ತನ್ನ ಹಂಡೆ ನೋಡಿಕೊಂಡು ಬಂದು, "ಹೌದ್ರೆವ್ವಾ, ನೀಲವ್ವ ಅಂತನs ಐತಿ. ಆದ್ರ ಕೊಡಾಕ ಬರೂದಿಲ್ಲ. ಅದನ್ನ ಮಗಳಿಗಂತ ಮೃತ್ಯುಪತ್ರದಾಗ ಬರಸೇನಿ, ಸಹಿನೂ ಆಗೇತಿ" ಎಂದಳು.

ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು. ಮೂವತ್ತು ವರ್ಷದ ಸಿಟ್ಟು, ಅದೂ ಮಂದಿಯ ಹಂಡೆಗೆ! ಮೊದಲು ಅವಳೇ ನಕ್ಕಳು. ಕೆಮ್ಮು ಬರುವಷ್ಟು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, "ಒಲಿ ಹಚ್ಚೋ. ಜಳಕ ಮಾಡ್ತೇನಿ" ಎಂದಳು.

ಒದ್ದೆ ಕೂದಲು ಝಾಡಿಸುತ್ತ ಹೊರಬಂದವಳು ನನ್ನ ಯಾದಿ ಓದಿದಳು. "ಹಂಡೆ ಹೊಡದಹಾಕು. ಶನಿವಾರಕ್ಕೊಂದು ಜಳಕ ನನ್ನ ಹೆಸರಿಗೆ ಬರಿ. ನಿನ್ನ ನಂತರ ಅಲ್ಲ ಮತ್ತ, ಈಗಿಂದನ."

ನಾಳೆ ವಕೀಲರ ಭೇಟಿ. ಎರಡನೆಯ ಸಾಲಿಗೆ ಅದನ್ನೇ ಬರೆದಿದ್ದೇನೆ. ಕಾಯಿದೆಯಲ್ಲಿ ಕೂರುವುದಿಲ್ಲವೆಂದು ಅವರು ಹೊಡೆದುಹಾಕಿದರೆ ಹಾಕಲಿ. ಶನಿವಾರ ನೀರು ಕಾಯಿಸುವವನು ನಾನು ತಾನೆ.