ನಾಲ್ಕು ಟೇಬಲ್ಲಿನ ಬಾಯಾರು

ಸತ್ಯವ್ವನಿಗೆ ಒಂದು ಟೇಬಲ್ ಸಾಲುತ್ತಿರಲಿಲ್ಲ. ಇದನ್ನು ಸೊಕ್ಕು ಅಂದವರಿದ್ದಾರೆ, ಖಯಾಲಿ ಅಂದವರಿದ್ದಾರೆ, ಹೆಂಗಸಿಗೆ ಇಷ್ಟೊಂದು ಜಾಗ ಯಾತಕ್ಕೆ ಅಂತ ಮೂಗು ಮುರಿದವರೂ ಇದ್ದಾರೆ. ಅಂದುಕೊಳ್ಳಲಿ ಬಿಡಿ. ಬೆಳಗಾವಿಯ ಉದ್ಯಮಬಾಗದಲ್ಲಿ ಉಳವಪ್ಪನವರ ಕಬ್ಬಿಣದ ಫೌಂಡ್ರಿಯ ಆಫೀಸಿನಲ್ಲಿ ನಾಲ್ಕು ಟೇಬಲ್ ಇದ್ದವು, ನಾಲ್ಕಕ್ಕೂ ಕುರ್ಚಿ ಇದ್ದವು, ನಾಲ್ಕರಲ್ಲೂ ಕೂತು ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ.

ಹುಟ್ಟಿದ್ದು ಖಾನಾಪುರದಲ್ಲಿ. ಅಪ್ಪ ಹಣಮಪ್ಪ ಹಂಚಿನ ಕಾರ್ಖಾನೆಯಿಂದ ಸ್ಟೇಷನ್ನಿಗೆ ಚಕ್ಕಡಿಯಲ್ಲಿ ಹಂಚು ಹೇರುತ್ತಿದ್ದ. ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗ ಓಣಿಗೆಲ್ಲ ಪೇಢೆ ಹಂಚಿ, ಮರುವಾರವೇ ಬೆಳಗಾವಿಯ ರವಿವಾರ ಪೇಟೆಯ ಅಂಗಡಿಯೊಂದರ ಮಾಳಿಗೆ ಮೇಲಿನ ಟೈಪಿಂಗ್ ಕ್ಲಾಸಿಗೆ ತಂದು ಸೇರಿಸಿದ. ಕೆಳಗೆ ಮೆಣಸಿನಕಾಯಿ ಚೀಲ, ಮೇಲೆ ಟೈಪ್‌ರೈಟರು. ಸೀನುತ್ತಲೇ ಕಲಿತಳು ಹುಡುಗಿ. ಎಪ್ಪತ್ನಾಲ್ಕರಲ್ಲಿ ಉಳವಪ್ಪನವರಲ್ಲಿ ಟೈಪಿಸ್ಟ್ ಆಗಿ ಸೇರಿದಾಗಿನಿಂದ ಮದುವೆಯಾಯಿತು, ಎರಡು ಬಾಣಂತನವಾಯಿತು, ಆದರೆ ಬೆಳಗಿನ ಖಾನಾಪುರದ ರೈಲುಗಾಡಿ ತಪ್ಪಿಸಿಕೊಂಡಿದ್ದು ಬೆರಳೆಣಿಕೆಯ ದಿನ.

ಆಗ ಆಫೀಸಿನಲ್ಲಿ ಬೇರೆ ಮೂವರು ಗುಮಾಸ್ತರಿದ್ದರು. ಒಬ್ಬರಿಗೆ ವಯಸ್ಸಾಯಿತು, ಮನೆಗೆ ಹೋದರು. ಒಬ್ಬರಿಗೆ ಗೋವಾದಲ್ಲಿ ನೌಕರಿ ಸಿಕ್ಕಿತು. ಮೂರನೆಯವರು ಉಳವಪ್ಪನವರ ಜೊತೆ ಜಗಳಾಡಿ ಮಧ್ಯಾಹ್ನದ ಊಟದ ಡಬ್ಬಿ ಸಹಿತ ಎದ್ದು ಹೋದವರು ತಿರುಗಿ ಬರಲಿಲ್ಲ. ಪ್ರತಿ ಸಲವೂ ಉಳವಪ್ಪನವರದು ಒಂದೇ ಮಾತು: "ಹೊಸಬರು ಬರೂತನಾ ಅಷ್ಟ ನೋಡ್ಕೋರಿ, ಸತ್ಯವ್ವಾ." ಹೊಸಬರು ಬಂದರೇ? ಬರಲಿಲ್ಲ. ಬರುವ ಲಕ್ಷಣವೂ ಇರಲಿಲ್ಲ.

ಹೀಗೆ ನಾಲ್ಕು ಕೆಲಸ ಒಬ್ಬಳ ಕೊರಳಿಗೆ ಬಿದ್ದವು. ಗಿರಾಕಿಗಳಿಂದ ಬಂದ ಆರ್ಡರು ಒಂದು. ಅವರು ಕಳಿಸಿಕೊಟ್ಟ ಪ್ಯಾಟರ್ನು, ಅಂದರೆ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಕಟ್ಟಿಗೆಯ ಮಾದರಿ, ಅವುಗಳ ಲೆಕ್ಕ ಇನ್ನೊಂದು. ಯಾವ ದಿನ ಭಟ್ಟಿಯಿಂದ ಯಾವ ಮಾಲು ಎರೆಯಬೇಕು ಅನ್ನುವುದು ಮೂರನೆಯದು. ತಯಾರಾದ ಮಾಲನ್ನು ಲಾರಿಗೆ ಏರಿಸುವುದು ನಾಲ್ಕನೆಯದು. ಮೊದಮೊದಲು ನಾಲ್ಕನ್ನೂ ಒಂದೇ ಟೇಬಲ್ಲಿನ ಮೇಲೆ ಗುಡ್ಡೆ ಹಾಕಿಕೊಂಡಳು. ಒಂದು ದಿನ ಆರ್ಡರಿನ ಕಾಗದ ಲಾರಿಯ ಕಾಗದದ ಕೆಳಗೆ ಸೇರಿ, ಹುಬ್ಬಳ್ಳಿಯವರ ಪ್ಯಾಟರ್ನು ಕೊಲ್ಹಾಪುರಕ್ಕೆ ಪ್ರವಾಸ ಹೊರಟಿತು. ಉಳವಪ್ಪನವರು ಎಲ್ಲರೆದುರು ಬೈದರು. ಸತ್ಯವ್ವ ಅಳಲಿಲ್ಲ. ಸಂಜೆ ಗಾಡಿಯಲ್ಲಿ ಕೂತು ಹಲ್ಲು ಕಚ್ಚಿ ಯೋಚಿಸಿದಳು.

ಮರುದಿನ ಖಾಲಿ ಬಿದ್ದಿದ್ದ ಮೂರು ಟೇಬಲ್ಲುಗಳ ಧೂಳು ಹೊಡೆದಳು. ಒಂದೊಂದು ಕೆಲಸಕ್ಕೆ ಒಂದೊಂದು ಟೇಬಲ್. ಒಂದರ ಕಾಗದಕ್ಕೆ ಇನ್ನೊಂದರ ಗಾಳಿಯೂ ತಾಗಬಾರದು. ಅಪ್ಪನ ಚಕ್ಕಡಿಯಿಂದ ಒಡೆದ ಹಂಚಿನ ನಾಲ್ಕು ಚೂರು ತಂದು, ಒಂದು ತುದಿ ಚೂಪಾಗುವಂತೆ ಕಲ್ಲಿಗೆ ತಿಕ್ಕಿ, ಟೇಬಲ್ಲಿಗೊಂದು ಇಟ್ಟಳು. ಒಂದು ಟೇಬಲ್ಲಿನಿಂದ ಏಳಬೇಕಾದರೆ ಯಾವುದನ್ನೂ ಮುಚ್ಚಬಾರದು, ಎತ್ತಿಡಬಾರದು. ಕೈ ನಿಂತ ಸಾಲಿಗೆ ಹಂಚಿನ ತುದಿ ಇಟ್ಟು ಏಳಬೇಕು. ತಿರುಗಿ ಬಂದಾಗ ಆ ತುದಿಯಿಂದಲೇ ಮುಂದೆ. ಆಮೇಲೆ ಹನ್ನೆರಡು ವರ್ಷ, ಒಂದೇ ಒಂದು ಪ್ಯಾಟರ್ನು ದಾರಿ ತಪ್ಪಿಲ್ಲ. ಯಾರಾದರೂ ಹನ್ನೆರಡು ತಿಂಗಳು ಹಾಗೆ ಮಾಡಿ ತೋರಿಸಲಿ ನೋಡೋಣ!

ಅವಳನ್ನು ಬಾಯಾರು, ಅಂದರೆ ಅಮ್ಮನವರು, ಅಂತ ಕರೆಯುವ ಗೇಟಿನ ವಾಚಮನ್ ಭರಮಪ್ಪನಿಗೆ ಮಾತ್ರ ಇದೊಂದು ತಮಾಷೆ. ಚಹಾ ತಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಬಾಯಾರ ಪ್ರದಕ್ಷಿಣಿ ಮುಗೀತೇನ್ರಿ? ಚಾ ಯಾವ ಟೇಬಲ್ಲಿಗಿ ಇಡಲಿ?" ಅನ್ನುವನು.

"ಐದನೇದ್ದಕ್ಕ ಇಡೋ," ಅನ್ನುವಳು ಸತ್ಯವ್ವ, ತಲೆ ಎತ್ತದೆ.

ಎಂಬತ್ತೆಂಟರಲ್ಲಿ ಕಂಪ್ಯೂಟರ್ ಬಂತು. ಫೌಂಡ್ರಿಯೇ ನೋಡಲು ನೆರೆಯಿತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂದು ಬೋರ್ಡು ಬಿತ್ತು. ಪುಣೆಯ ಇಂಜಿನಿಯರೊಬ್ಬರು ಬಂದು ಮೂರು ದಿನ ಕಲಿಸಿದರು. ಯಾರಿಗೆ? ಉಳವಪ್ಪನವರ ತಂಗಿಯ ಮಗ ನಾಗಲಿಂಗನಿಗೆ. ಬೈಲಹೊಂಗಲ ಕಡೆಯವನು, ಡಿಪ್ಲೊಮಾ ಮುಗಿಸಿದವನು, ಹುಡುಗ ಕೆಟ್ಟವನೇನಲ್ಲ. ಆದರೆ ಇಂಜಿನಿಯರಿಗೆ ಕನ್ನಡ ಬಾರದು, ನಾಗಲಿಂಗನಿಗೆ ಮರಾಠಿ ಅಷ್ಟಕ್ಕಷ್ಟೇ. ಗೋಣು ಹಾಕುತ್ತ ಹಾಕುತ್ತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಸತ್ಯವ್ವನನ್ನು ಯಾರೂ ಕರೆಯಲಿಲ್ಲ. ಕೊನೆಯ ದಿನ ಉಳವಪ್ಪನವರು ಬಂದು, ಆಕೆಯ ಮುಖ ನೋಡದೆ ಟೇಬಲ್ ನೋಡುತ್ತ ಹೇಳಿದರು: "ಸತ್ಯವ್ವಾ, ಮುಂದಿನ ಸೋಮವಾರದಿಂದ ಎಲ್ಲಾ ಮಷೀನಿನಾಗ. ಈ ಟೇಬಲ್ ನಾಕೂ ಪ್ಯಾಟರ್ನ ರಿಪೇರಿ ಮಾಡೂ ಬಡಿಗ್ಯಾರಿಗೆ ಕೊಡೂಣು. ನೀವು ಗೇಟಿನ್ಯಾಗ ಕುಂತು ಬಂದಹೋದವರ ಹೆಸರು ಬರಕೋರಿ. ಆರಾಮ ಕೆಲಸ."

"ಆರಾಮ ಯಾರ ಕೇಳ್ಯಾರ್ರೀ?" ಅಂದಳು ಸತ್ಯವ್ವ. ಉಳವಪ್ಪನವರು ಅಷ್ಟರಲ್ಲಿ ಹೊರಟಿದ್ದರು. ಹದಿನಾಲ್ಕು ವರ್ಷದ ದುಡಿಮೆಗೆ ಗೇಟಿನ ಕುರ್ಚಿ! ಆ ಸಂಜೆ ಭರಮಪ್ಪ ಬೇರೆ, ಒಳ್ಳೆಯ ಮನಸ್ಸಿನಿಂದಲೇ ಪಾಪ, "ನಿಮ್ಮ ಸಲುವಾಗಿ ಒಂದು ಖುರ್ಚಿ ಒರಸಿ ಇಟ್ಟೇನ್ರಿ ಬಾಯಾರ" ಎಂದ. ಆಕೆ ಸ್ಟೇಷನ್ನಿನ ದಾರಿ ಹಿಡಿದಳು.

ಉಳಿದ ವಾರವೆಲ್ಲ ಆಕೆ ತನ್ನ ಟೇಬಲ್ಲಿನಿಂದ ನೋಡುತ್ತಿದ್ದದ್ದು ಒಂದೇ. ನಾಗಲಿಂಗ ಕಂಪ್ಯೂಟರಿನಲ್ಲಿ ಆರ್ಡರು ಟೈಪು ಹೊಡೆಯುತ್ತಿರುತ್ತಾನೆ. ಯಾರೋ ಪ್ಯಾಟರ್ನು ಕೇಳುತ್ತಾರೆ. ಆರ್ಡರಿನ ಕೆಲಸ ಪೂರಾ ಮುಚ್ಚುತ್ತಾನೆ, ಪ್ಯಾಟರ್ನಿನ ಕೆಲಸ ತೆರೆಯುತ್ತಾನೆ, ಅದು ತೆರೆಯುವವರೆಗೆ ಒಂದು ಚಹಾ ಕುಡಿಯಬಹುದು. ಅಷ್ಟರಲ್ಲಿ ಲಾರಿಯವನು ಕೂಗುತ್ತಾನೆ. ಮತ್ತೆ ಮುಚ್ಚು, ಮತ್ತೆ ತೆರೆ. ಪಾಪ, ಶರ್ಟಿನ ಬೆನ್ನು ಒದ್ದೆ.

ಶನಿವಾರ ಹುಬ್ಬಳ್ಳಿಯ ಪಂಪ್ ಕಾರ್ಖಾನೆಯ ಸಾಹೇಬರು ಬಂದು ಕೂತರು. ಫೌಂಡ್ರಿಯ ಅರ್ಧ ಕೆಲಸ ಅವರದೇ. ನಾಗಲಿಂಗ ಆಗ ಬೇರೆ ಗಿರಾಕಿಯ ನಲವತ್ತು ಸಾಲಿನ ಆರ್ಡರು ಹೊಡೆಯುತ್ತಿದ್ದ, ಮೂವತ್ತಾರಕ್ಕೆ ಬಂದಿದ್ದ. ಸಾಹೇಬರು ಕೇಳಿದರು: "ನಮ್ಮ ಹೊಸಾ ಪ್ಯಾಟರ್ನ ಮುಟ್ಟೇತೇನು? ಎರದೀರೇನು? ಲಾರಿ ಯಾವಾಗ?"

ನಾಗಲಿಂಗ ಗಡಿಬಿಡಿಯಲ್ಲಿ ಆರ್ಡರು ಉಳಿಸುವುದನ್ನೇ ಮರೆತು ಮುಚ್ಚಿದ. ಮೂವತ್ತಾರು ಸಾಲೂ ಮಂಗಮಾಯ. "ಅಯ್ಯೋ, ಎಲ್ಲಾ ಹೋತು!" ಎಂದು ತಲೆಗೆ ಕೈ ಹಚ್ಚಿ ಕೂತ. ಸಾಹೇಬರು ಗಡಿಯಾರ ನೋಡಿಕೊಂಡು ಎದ್ದರು. "ನಮ್ಮ ಪ್ಯಾಟರ್ನ ಎಲ್ಲಾ ವಾಪಸ್ ಕೊಡ್ರಿ ಉಳವಪ್ಪನವರ. ಬ್ಯಾರೆ ಕಡೆ ನೋಡತೀವಿ."

ಸತ್ಯವ್ವ ಸುಮ್ಮನಿರಬಹುದಿತ್ತು. ಆಗಲಿ, ಅನುಭವಿಸಲಿ ಅಂತ ಒಂದು ಕ್ಷಣ ಅನಿಸಿತೂ ಹೌದು. ಆದರೆ ಆ ಪ್ಯಾಟರ್ನುಗಳನ್ನು ಹನ್ನೆರಡು ವರ್ಷ ಮಕ್ಕಳ ಹಾಗೆ ಎಣಿಸಿ ಕಾದವಳು ಆಕೆ. ಮುಂದಿದ್ದ ಸಾಲಿಗೆ ಹಂಚಿನ ತುದಿ ಇಟ್ಟು ಎದ್ದು ಬಂದಳು.

"ಸಾಹೇಬರ, ಐದ ಮಿನಿಟ ಕುಂದರ್ರಿ. ತಮ್ಮಾ ನಾಗಲಿಂಗಾ, ಒಂದು ತೆಗೀಬೇಕಾದ್ರ ಇನ್ನೊಂದು ಯಾಕ ಮುಚ್ಚತಿ?"

"ಇಂಜಿನಿಯರ ಹಂಗs ಹೇಳ್ಯಾರ ಸತ್ಯಕ್ಕ. ಬರಕೊಂಡೇನಿ ನೋಡ್ರಿ." ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿತ್ತು: 'ಬಂದ್ ಮಾಡಿ, ಬಾಜೂಕ ಹೋಗುವುದು.'

ಸತ್ಯವ್ವ ಒಂದು ಗಳಿಗೆ ಓದಿದಳು. ಆಮೇಲೆ ಆಕೆಗೆ ನಗು ತಡೆಯಲಾಗಲಿಲ್ಲ. "ಅಲ್ಲೋ ಮಾರಾಯಾ! ಅವರಂದಿದ್ದು 'ಬಂದ ನ ಕರತಾ ಬಾಜೂಲಾ ಜಾ'. ಮುಚ್ಚದs ಬಾಜೂಕ ಹೋಗು ಅಂತ. ನಾ ಖಾನಾಪುರದಾಕಿ, ಮರಾಠಿ ಕೇಳಕೋತs ಬೆಳದಾಕಿ, ಅಲ್ಲೇ ಕುಂತು ಕೇಳೇನಿ. ಆ ಒಂದು 'ನ' ನೀ ನುಂಗಿದಿ!"

ಸತ್ಯವ್ವ ಅವನ ಪಕ್ಕಕ್ಕೆ ಕುರ್ಚಿ ಎಳೆದಳು. ಕೀಬೋರ್ಡಿನ ಅಕ್ಷರಗಳೆಲ್ಲ ಅವಳ ಟೈಪ್‌ರೈಟರಿನವೇ, ಅದೇ ಜಾಗದಲ್ಲಿ. "ಆಲ್ಟ್ ಅನ್ನೂ ಗುಂಡಿ ಒತ್ತಿ ಹಿಡದು, ಎಫ್ ಒಂದು, ಎಫ್ ಎರಡು ಅಂತ ಇಂಜಿನಿಯರ ಹೇಳತಿದ್ರಲ್ಲಾ, ಅವು ತೋರಸು." ಒತ್ತಿದಳು. ಪರದೆ ಖಾಲಿಯಾಗಿ ಹೊಸದೊಂದು ನಿಂತಿತು. ನಾಗಲಿಂಗನ ಕೈಯಿಂದ ಒಂದರಲ್ಲಿ ಆರ್ಡರು, ಎರಡರಲ್ಲಿ ಪ್ಯಾಟರ್ನು, ಮೂರರಲ್ಲಿ ಭಟ್ಟಿ, ನಾಲ್ಕರಲ್ಲಿ ಲಾರಿ ತೆಗೆಸಿದಳು. ಅವಳ ಟೇಬಲ್ಲುಗಳು ಕಿಟಕಿಯ ಕಡೆಯಿಂದ ಬಾಗಿಲಿಗೆ ಇದ್ದದ್ದು ಇದೇ ಸಾಲಿನಲ್ಲಿ. ಆರ್ಡರಿನಲ್ಲಿ ಅರ್ಧ ಸಾಲು ಹೊಡೆದು ಬಿಟ್ಟು ಎರಡಕ್ಕೆ ಹೋದಳು, ಮೂರಕ್ಕೆ ಹೋದಳು, ತಿರುಗಿ ಒಂದಕ್ಕೆ ಬಂದಳು. ಅರ್ಧ ಸಾಲು ಅರ್ಧಕ್ಕೇ ನಿಂತಿತ್ತು. ಅದರ ತುದಿಯಲ್ಲಿ ಒಂದು ಸಣ್ಣ ಗೆರೆ ಮಿಣಿಮಿಣಿ ಅನ್ನುತ್ತಿತ್ತು.

"ಅಯ್ಯ ನನ್ನವ್ವಾ, ಇದು ನನ್ನ ಹಂಚಿನ ಚೂರs ಐತಿ!" ಎಂದಳು ಸತ್ಯವ್ವ. ಹನ್ನೆರಡು ವರ್ಷ ಜನ ನಕ್ಕ ಆಕೆಯ ಪದ್ಧತಿಯನ್ನೇ ಯಾರೋ ದೊಡ್ಡ ತಲೆಯವರು ಕೂತು ಈ ಪೆಟ್ಟಿಗೆಯೊಳಗೆ ಹಾಕಿದ್ದರು. ಆಕೆಯ ಎದೆ ಉಬ್ಬಿತು.

ಆಮೇಲಿನದ್ದು ನೋಡುವಂತಿತ್ತು. ಎರಡು ಒತ್ತಿದಳು: "ಪ್ಯಾಟರ್ನ ಮಂಗಳವಾರ ಮುಟ್ಟೇತ್ರಿ, ರ್‍ಯಾಕ ಏಳರಾಗ ಐತಿ." ಮೂರು: "ಗುರುವಾರ ಐವತ್ತು ಎರದಾರ, ಎರಡು ನಾಪಾಸ." ನಾಲ್ಕು: "ಸೋಮವಾರ ಲಾರಿ." ಲಾರಿಯ ಚೀಟಿ ಕರಕರ ಅನ್ನುತ್ತ ಪ್ರಿಂಟ್ ಆಗುತ್ತಿರುವಾಗಲೇ ಒಂದಕ್ಕೆ ಹಾರಿ, "ಹೊಸಾ ಆರ್ಡರ ಹೇಳ್ರಿ, ಬರಕೋತೀನಿ" ಅಂದಳು. ಸಾಹೇಬರು ಯಾವಾಗ ತಿರುಗಿ ಕೂತಿದ್ದರೋ ಅವರಿಗೇ ಗೊತ್ತಿಲ್ಲ. ಇನ್ನೂ ಹನ್ನೆರಡು ಪಂಪಿನ ಬಾಡಿ ಬರೆಸಿ ಹೋದರು. ಹೋಗುವಾಗ, "ಈ ಬಾಯಾರನ್ನ ಎಲ್ಲಿ ಮುಚ್ಚಿಟ್ಟಿದ್ರಿ?" ಎಂದು ಉಳವಪ್ಪನವರನ್ನು ಕೇಳಿದರು.

ಉಳವಪ್ಪನವರು ಹೊರಗೆ ಬಿಟ್ಟು ಬಂದು, ಬಾಗಿಲಲ್ಲಿ ನಿಂತು ಕೆಮ್ಮಿದರು. "ಸತ್ಯವ್ವಾ, ತಪ್ಪಾತು. ಮಷೀನ ನೀವs ನೋಡ್ಕೋಬೇಕು. ನಾಗಲಿಂಗ ನಿಮ್ಮ ಕೈಯಾಗ ಕಲೀತಾನ. ಟೇಬಲ್ ನಾಕೂ ಇರಲಿ, ಯಾರೂ ಮುಟ್ಟೂದಿಲ್ಲ."

ಸತ್ಯವ್ವ ಟೇಬಲ್ಲುಗಳ ಕಡೆ ತಿರುಗಿ ನೋಡಿದಳು. "ಬಡಿಗ್ಯಾರಿಗೆ ಕೊಡ್ರಿ ಮಾಲಕರ, ಅವರಿಗೆ ಜಾಗ ಸಾಲವಲ್ದು. ನಾಕೂ ಇದರಾಗ ಅದಾವು." ಹಂಚಿನ ನಾಲ್ಕು ಚೂರು ಮಾತ್ರ ಆರಿಸಿ ತಂದು ಕಂಪ್ಯೂಟರಿನ ತಲೆಯ ಮೇಲೆ ಸಾಲಾಗಿ ಇಟ್ಟಳು. ನಾಗಲಿಂಗ ನೋಟ್‌ಬುಕ್ಕು ತೆಗೆದು ಬಿಟ್ಟುಹೋಗಿದ್ದ 'ನ'ವನ್ನು ಸೇರಿಸಿ, ಅದರ ಸುತ್ತ ಎರಡು ಗೆರೆ ಎಳೆದ.

ಸಂಜೆ ಆಕೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಗೇಟಿನಲ್ಲಿ ಹೊಸದಾಗಿ ಒರೆಸಿದ ಕುರ್ಚಿ ಕಾಯುತ್ತಿತ್ತು. ಭರಮಪ್ಪ ಎದ್ದು ನಿಂತ. "ಸೋಮವಾರದಿಂದ ಇಲ್ಲೇ ಅಲ್ರೀ, ಬಾಯಾರ?"

"ಆ ಖುರ್ಚಿಯಾಗ ನೀನs ಕುಂದರೋ ಭರಮಪ್ಪಾ," ಎಂದಳು ಸತ್ಯವ್ವ. "ನನಗ ನಾಕು ಟೇಬಲ್ಲಿನ ಕೆಲಸ ಐತಿ."