ಹೊಸ ಟೆಂಪೊದ ತುಕ್ಕು

ಮಾಲಗಾಂವದ ನಮ್ಮ ಹಾಲಿನ ಸೊಸೈಟಿಗೆ ಹೊಸ ಟೆಂಪೊ ಬಂದು ತಿಂಗಳಾಗಿರಲಿಲ್ಲ, ಮುಂದಿನ ಬಂಪರಿನಲ್ಲಿ ತುಕ್ಕು ಕಂಡಿತು. ಸೆಕ್ರೆಟರಿ ಸಾಂಗಲಿಯಿಂದ ಹಳೇ ಗಾಡಿಗೇ ಬಣ್ಣ ಹೊಡೆಸಿ ತಂದಿದ್ದಾರೆಂದು ಚೇರ್ಮನ್ನರಿಗೆ ಗುಮಾನಿ. ಡ್ರೈವರನಾದ ನನಗೂ ಹಾಗೇ ಅನ್ನಿಸಿತ್ತು. ನಿಜ ತಿಳಿದುಕೊಂಡು ಬಾ ಎಂದು ನನ್ನನ್ನು ಕುಪವಾಡದ ಪೇಂಟರ್ ಕಾಕಾ ಹತ್ತಿರ ಕಳಿಸಿದರು.

ಕಾಕಾ ಪಾಲಿಶ್ ಪೇಪರಿನಿಂದ ಉಜ್ಜಿ ನೋಡಿದರು. "ಗಾಡಿ ಹೊಸಾದ ಐತಿ. ಇಲ್ಲೆ ಪೆಟ್ಟ ಬಿದ್ದು ಬಣ್ಣ ಹಾರೇತಿ, ಅಷ್ಟ. ಪೂಜಿ ದಿನ ಕಾಯಿ ಎಲ್ಲಿ ಒಡದ್ರಿ?"

ಒಡೆದವರು ಚೇರ್ಮನ್ನರೇ, ಅದೇ ಬಂಪರಿಗೆ, ಎಲ್ಲರೆದುರು. ಊರಿಗೆ ಮರಳಿದ ಮೇಲೂ ಅದನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ.

"ಗಾಡಿ ಹೊಸಾದ ಐತ್ರಿ ಸಾಹೇಬ್ರ. ತುಕ್ಕ ಹವಾಕ್ಕ ಬಂದೈತಂತ್ರಿ," ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. "ಸೆಕ್ರೆಟರಿ ನಿನಗೂ ಚಾ ಕುಡಿಸ್ಯಾನೇನು?"

ಮರುದಿನ ಸೆಕ್ರೆಟರಿ ನಿಜವಾಗಿಯೂ ಚಹಾಕ್ಕೆ ಕರೆದರು. ಹೊಟ್ಟೆ ಸರಿಯಿಲ್ಲವೆಂದು ತಪ್ಪಿಸಿಕೊಂಡೆ.